ಸೋಡಿಯಮ್ಮಿಗೆ ಪ್ರದಕ್ಷಿಣೆ

ಮಧುಗಿರಿ ಶಾಲೆಯ ಹಂಗಾಮಿ ವಿಜ್ಞಾನದ ಮೇಷ್ಟರು ಬಸವಲಿಂಗಯ್ಯ ಆ ಬೆಳಿಗ್ಗೆ ಒಂದು ಗುಂಡುಕಲ್ಲಿಗೆ ಕೆಮ್ಮಣ್ಣು ಬಳಿದರು. ಅವಾಂತರವೆಲ್ಲ ಅಲ್ಲಿಂದಲೇ ಶುರು.

ಮಹಾರಾಜರ ಸರ್ಕಾರದ ಇನ್ಸ್‌ಪೆಕ್ಟರು ಅಂದು ಬರುವವರಿದ್ದರು. ಪಾಠ ಮೆಚ್ಚಿದರೆ ಕೆಲಸ ಕಾಯಂ. "ಕಾಯಮ್ಮಾಗಲಿ, ಆಮೇಲೆ ಮಗಳನ್ನ ಕಳಿಸ್ತೀನಿ" ಎಂದು ಹೊಳವನಹಳ್ಳಿಯ ಮಾವ ಹಟ ಹಿಡಿದು ಮೂರು ವರ್ಷವಾಗಿತ್ತು. ಪಾಪ, ಕೈಯಾರೆ ಬೇಯಿಸಿ ತಿಂದು ಸೊರಗಿದ ಮನುಷ್ಯ. ಅದಕ್ಕೇ ಈ ಸಲ ಸೋಡಿಯಂ ಪರಮಾಣುವನ್ನು ಶಾಲೆಯ ಬಯಲಿನಲ್ಲೇ ಕಟ್ಟಿ ತೋರಿಸಲು ಹೊರಟಿದ್ದರು. ನಡುವೆ ಕೆಂಪು ಕಲ್ಲು, ಅದೇ ನ್ಯೂಕ್ಲಿಯಸ್ಸು. ಸುತ್ತ ಸುಣ್ಣದ ಮೂರು ಗೆರೆ. ಒಳಗೆರೆಯಲ್ಲಿ ಇಬ್ಬರು ಹುಡುಗರು, ಮಧ್ಯದಲ್ಲಿ ಎಂಟು, ಹೊರಗೆ ಒಬ್ಬ. ಅವರೇ ಎಲೆಕ್ಟ್ರಾನುಗಳು.

"ಗೆರೆ ದಾಟಿದರೆ ಜೋಕೆ!" ಎಂದು ಸುತ್ತಲು ಬಿಟ್ಟರು.

ಸಂತೆಗೆ ಹೊರಟಿದ್ದ ನರಸಿಂಹಮ್ಮ ಬೇಲಿಯಾಚೆ ನಿಂತಳು. ಕೆಂಪು ಬಳಿದ ಕಲ್ಲು, ಸುತ್ತುವ ಮಕ್ಕಳು, ಇನ್ನೇನು ಬೇಕು? ಕುಕ್ಕೆ ಇಳಿಸಿ, ಕೈಮುಗಿದು ಒಳಗೆ ಬಂದೇಬಿಟ್ಟಳು.

"ಅಮ್ಮಾ, ಅದು ದೇವರಲ್ಲ!"

"ಮಹಿಮೆ ಇಲ್ದೆ ಹುಡುಗ್ರು ಇಂಗೆ ಸುತ್ತಾರಾ ಸಾಮಿ?"

"ಅದಕ್ಕೆ ಸೆಳೆಯೋ ಶಕ್ತಿ ಇದೆ, ಅದಕ್ಕೇ ಸುತ್ತೋದು!"

"ಕೇಳುದ್ರೇನ್ರೇ? ಸಕ್ತಿ ಐತಂತೆ! ಮೇಷ್ಟ್ರೇ ಯೋಳ್ತಾವ್ರೆ!" ಎಂದು ನರಸಿಂಹಮ್ಮ ಬೇಲಿಯಾಚೆಯ ಸಂತೆಯವರತ್ತ ಕೂಗಿದಳು.

ಅರ್ಧ ಸಂತೆ ನುಗ್ಗಿತು. ಒಬ್ಬರದು ಮೂರು ಸುತ್ತು, ಇನ್ನೊಬ್ಬರದು ಒಂಬತ್ತು. ತಿಪ್ಪಯ್ಯನೆಂಬ ಗಾಡಿಯವನು ಉರುಳುಸೇವೆಗೇ ಮಲಗಿದ. ಗೆರೆ ಅಳಿಸಿಹೋಗಿ ಧೂಳೆದ್ದಿತು. ಯಾವ ಎಲೆಕ್ಟ್ರಾನು ಎಲ್ಲಿದೆಯೆಂದು ಮೇಷ್ಟರಿಗೇ ತಿಳಿಯಲಿಲ್ಲ.

ಜವಾನ ಮುನೀರ್ ಓಡಿಬಂದ. "ಸಾರ್, ಇನ್ಸ್‌ಪೆಕ್ಟರ್ ಸಾಹೇಬ್ರು ಬಸ್ ಇಳಿದ್ಬುಟ್ರಂತೆ!"

ಮೇಷ್ಟರು ನರಸಿಂಹಮ್ಮನ ಕಡೆ ತಿರುಗಿದರು. "ತಾಯಿ, ನನ್ನ ಸಂಸಾರ ಹಾಳಾಗ್ತದೆ, ಹೋಗಿ" ಎಂದು ಅಳುತ್ತಾ ಕೈಮುಗಿದರು. ನರಸಿಂಹಮ್ಮನ ಕರುಳು ಚುರ್ ಎಂದಿತು.

"ನಡೀರ್ಲಾ ಎಲ್ಲಾ! ಮೇಷ್ಟ್ರ ಅನ್ನಕ್ಕೆ ಕಲ್ಲಾಕ್ಬ್ಯಾಡಿ!" ಎಂದು ಅವಳೇ ಜನರನ್ನು ಅಟ್ಟಿದಳು. ಮೇಷ್ಟರು ಮತ್ತೆ ಗೆರೆ ಎಳೆದರು. ಎರಡು, ಎಂಟು, ಒಂದು. ಹುಡುಗರು ಗಾಣದೆತ್ತುಗಳ ಹಾಗೆ ಅಚ್ಚುಕಟ್ಟಾಗಿ ಸುತ್ತತೊಡಗಿದರು.

ಇನ್ಸ್‌ಪೆಕ್ಟರು ಬಂದವರೇ ಮುಖ ಸಿಂಡರಿಸಿದರು.

"ಇದೇನ್ರೀ? ಎಲೆಕ್ಟ್ರಾನು ಗೆರೆ ಹಿಡಿದು ಸುತ್ತುತ್ತೆ ಅನ್ನೋದು ಹಳೇ ಮಾತಾಯ್ತು. ಅದು ಇಂಥ ಕಡೇನೇ ಇದೆ ಅಂತ ಹೇಳೋಕಾಗಲ್ಲ. ಮೋಡದ ಹಾಗೆ ಕವಿದಿರುತ್ತೆ. ಈಗ ತಾನೆ ಆ ಹುಣಸೆಮರದ ಕೆಳಗೆ ನಿಂತು ನೋಡಿದೆ, ಆ ಧೂಳು, ಆ ಗುಂಪು, ಎಷ್ಟು ಸೊಗಸಾಗಿ ತೋರಿಸ್ತಿದ್ರಿ! ಅಂಥ ಪಾಠ ಮೈಸೂರಲ್ಲೂ ಕಂಡಿಲ್ಲ. ಅದನ್ನ ಕೆಡಿಸಿದ ಪುಣ್ಯಾತ್ಮ ಯಾರು?"

ಬಸವಲಿಂಗಯ್ಯನವರಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

"ನಾನೇ ಸಾರ್" ಎಂದರು.

'ಇನ್ನೊಂದು ವರ್ಷ ಹಂಗಾಮಿ' ಎಂದು ಬರೆದು ಇನ್ಸ್‌ಪೆಕ್ಟರು ಸಂಜೆಯ ಬಸ್ಸು ಹತ್ತಿದರು.