ಗೋಡೆಯ ಹತ್ತಿರ ಸರಾಸರಿ ಸಾಕು

ವಿವರವಾಗಿ ಮಾತಾಡುವವರನ್ನು ಕಂಡರೆ ನನಗೆ ಗೌರವವಿದೆ, ದೂರದಿಂದ. ಕುದಾಪುರದ ಕ್ಯಾಂಪಸ್ಸಿನಲ್ಲಿ ನನ್ನ ಕೆಲಸ, ವಿಮಾನದ ರೆಕ್ಕೆಯ ಮೇಲೆ ಹರಿಯುವ ಗಾಳಿಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು. ಪ್ರತಿ ಸುಳಿಯನ್ನೂ ಹಿಡಿಯಲು ಹೊರಟರೆ ನಾನು ನಿವೃತ್ತಳಾದರೂ ಉತ್ತರ ಬಾರದು. ಅದಕ್ಕೇ ಒಂದು ಮಿಶ್ರ ವಿಧಾನವಿದೆ: ರೆಕ್ಕೆಯ ಮೈಗೆ, ಅಂದರೆ ನಮ್ಮ ಲೆಕ್ಕದವರ ಭಾಷೆಯ ಗೋಡೆಗೆ, ಹತ್ತಿರ ಸುಳಿಗಳ ಸರಾಸರಿ ಸಾಕು, ದೂರದಲ್ಲಿ ಮಾತ್ರ ದೊಡ್ಡ ಸುಳಿಗಳ ವಿವರ. ಮೈ ಹತ್ತಿರ ಲೆಕ್ಕದ ಜಾಲರಿಯ ಕಣ್ಣುಗಳನ್ನು ಅತಿ ಸಣ್ಣ ಮಾಡಿದರೆ ವಿಧಾನ ಗಲಿಬಿಲಿಗೊಂಡು ಅಲ್ಲೂ ವಿವರ ಹುಡುಕತೊಡಗುತ್ತದೆ. ಅಂಟಿಕೊಂಡಿರಬೇಕಾದ ಗಾಳಿ ಪರದೆಯ ಮೇಲೆ ಕಳಚಿಕೊಂಡು ಹೋಗುತ್ತದೆ. ಕಳೆದ ತಿಂಗಳು ನಾನು ಮಾಡಿದ್ದು ಅದನ್ನೇ. "ನಿಖರವಾಗಿರಲಿ ಅಂತ, ಸರ್" ಎಂದೆ. "ಬಹಳ ನಿಖರವಾಗಿ ತಪ್ಪು ಮಾಡಿದೀರಮ್ಮ" ಎಂದು ಮೇಲಧಿಕಾರಿ ಮೆಚ್ಚಿಕೊಂಡರು.

ಚಳ್ಳಕೆರೆಯ ನಮ್ಮ ಮನೆಗೂ ನನ್ನದು ಇದೇ ವಿಧಾನ. ದೂರದ ಗೆಳತಿಗೆ ಫೋನಿನಲ್ಲಿ ಎಲ್ಲ ವಿವರ, ಅವ್ವನಿಗೆ ಸರಾಸರಿ. "ಊಟ ಹೆಂಗೈತೆ?" "ಚೆನ್ನಾಗೈತೆ." "ಜನ?" "ಒಳ್ಳೆಯವ್ರು." ಕ್ವಾರ್ಟರ್ಸಿನಲ್ಲಿ ಒಬ್ಬಳೇ ಇರುವ ನನ್ನ ಸುಖವೆಲ್ಲ ಈ ಎರಡು ಉತ್ತರಗಳ ಮೇಲೆ ನಿಂತಿತ್ತು. ಒಂದು ಭಾನುವಾರ ಅವ್ವ, "ಏನ್ ಕೇಳಿದ್ರೂ ಅದೇ ಮಾತು. ನನ್ನತ್ರ ಹೇಳಾಕೆ ಏನೂ ಇಲ್ವೇನೆ?" ಎಂದು ಮೂಗೆಳೆದಳು. ಕರಗಿದೆ. ಕಾವಲಿನ ಹುಲ್ಲುಗಾವಲ ಕಡೆಯಿಂದ ನನ್ನ ಬಚ್ಚಲಿಗೆ ಬಂದಿದ್ದ ಹಾವಿನ ಉದ್ದ, ಬಣ್ಣ, ಅದನ್ನು ಹಿಡಿದು ಬೇಲಿಯಾಚೆ ಬಿಟ್ಟ ರೀತಿ, ಅದಕ್ಕೆ ವಿಷವಿಲ್ಲವೆಂಬ ಸಂಗತಿ, ಎಲ್ಲವನ್ನೂ ಹೇಳಿದೆ.

ಮರುದಿನ ಅವ್ವ ಹಾಸಿಗೆ ಸುರುಳಿಯೊಂದಿಗೆ ಬಸ್ಸಿಳಿದಳು. "ಹಾವು ಹೋಯ್ತಲ್ಲವ್ವ" ಎಂದೆ. "ಇನ್ನೊಂದು ಬರಲ್ಲ ಅಂತ ಬರ್ಕೊಡ್ತೀಯಾ?" ವಿಜ್ಞಾನ ಓದಿದವಳಿಗೆ ಹಾಗೆಲ್ಲ ಬರೆದುಕೊಡಲಾಗದು. ಪರದೆಯ ಮೇಲೆ ವಿವರ ಹೆಚ್ಚಾಗಿ ಗಾಳಿ ಕಳಚಿಕೊಂಡಿತ್ತು. ಇಲ್ಲಿ ವಿವರ ಹೆಚ್ಚಾಗಿ ಅವ್ವ ಅಂಟಿಕೊಂಡಳು. ಜಾಲರಿಯನ್ನು ಒಂದೇ ವಾರದಲ್ಲಿ ಸರಿಪಡಿಸಿದೆ. ಅವ್ವ ಇನ್ನೂ ಇಲ್ಲೇ ಇದ್ದಾಳೆ.

ಮೊನ್ನೆ ಮೊಳಕಾಲ್ಮೂರಿನಿಂದ ಚಿಕ್ಕಮ್ಮ ಫೋನ್ ಮಾಡಿದಳು. "ಅಂತಾ ಬಾಗುಂದಮ್ಮ, ಎಲ್ಲಾ ಚೆನ್ನಾಗೈತೆ" ಎಂದು ಅವ್ವ ತೆಲುಗು, ಕನ್ನಡ ಎರಡು ಭಾಷೆಯಲ್ಲೂ ಸರಾಸರಿ ಕೊಟ್ಟಳು. "ಹಾವಿನ ಸುದ್ದಿ ಯಾಕೆ ಹೇಳಲಿಲ್ಲ?" ಎಂದೆ. "ಹೇಳಿದ್ರೆ ಅವಳೂ ಬಂದು ಕೂತ್ಕೊಂತಾಳೆ!" ಎಂದಳು. ಈ ವಿಧಾನ ನಮ್ಮ ಮನೆಯಲ್ಲಿ ನನಗಿಂತ ಮೊದಲೇ ಇತ್ತೆಂದು ಆಗ ತಿಳಿಯಿತು.

ಸಂಜೆ ಗೆಳತಿಯ ಫೋನು. "ಹೇಗಿದೆಯೇ ಅಮ್ಮನ ಜೊತೆ?" ಹೇಳಲು ಒಂದು ಗಂಟೆಯ ಸರಕಿತ್ತು. ಅವ್ವ ನನ್ನ ಮೊಣಕೈಗೆ ತಾಗುವಂತೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

"ಚೆನ್ನಾಗಿದೆ" ಎಂದೆ.