ಅಂಟಿನುಂಡೆ ತಿಂದ ಉಪವಾಸದ ಮೇಷ್ಟ್ರು

ಕನ್ನಡ ಕೂಟದ ನಾಟಕಗಳಲ್ಲಿ ನಾನು ಐದು ವರ್ಷ ಭರ್ಜಿ ಹಿಡಿದು ನಿಂತ ದ್ವಾರಪಾಲಕ. ಆರನೆಯ ವರ್ಷ ಏಕಾಏಕಿ ನಾಯಕನ ಪಾತ್ರ ಸಿಕ್ಕಿತು! ತನ್ನ ಊಟವನ್ನೆಲ್ಲ ಶಾಲೆಯ ಮಕ್ಕಳಿಗೆ ಹಂಚಿ, ಹಸಿವಿನಿಂದ ಪ್ರಾಣ ಬಿಡುವ ಬಡ ಮೇಷ್ಟ್ರ ಪಾತ್ರ. ಮಂಡ್ಯದ ಶಿವಣ್ಣ ನಿರ್ದೇಶಕರು. ನನ್ನ ಕಡ್ಡಿ ಮೈಯನ್ನು ಮೇಲಿಂದ ಕೆಳಗೆ ನೋಡಿ, "ನಿಂಗೆ ಮೇಕಪ್ಪೇ ಬ್ಯಾಡ ಕಣಯ್ಯ. ಹಿಂಗೇ ಬಂದು ನಿಂತ್ಕೊಂಡ್ರೂ ಜನ ಅಳ್ತಾರೆ" ಎಂದರು. ಅದು ನನ್ನ ಅಭಿನಯಕ್ಕೆ ಬಂದ ಹೊಗಳಿಕೆ ಎಂದು ತಿಳಿದೆ.

ನನಗಿದ್ದ ಭಯ ಒಂದೇ, ನೆಗಡಿ. ಅಮೆರಿಕದ ಸನ್ನಿವೇಲ್‌ನಲ್ಲಿ ಆಗ ಅಪಾರ್ಟ್‌ಮೆಂಟಿಗೊಂದು ಡಾಟ್ ಕಾಮ್ ಕಂಪನಿ ಹುಟ್ಟುತ್ತಿದ್ದ ಕಾಲ. ನಮ್ಮ ನಾಟಕದ ಹುಡುಗರು ಆಫೀಸಿನ ಮೇಜಿನ ಕೆಳಗೇ ಮಲಗಿ, ತಣ್ಣನೆಯ ಪಿಜ್ಜಾ ತಿಂದು, ಸೀನುತ್ತಲೇ ರಿಹರ್ಸಲ್ಲಿಗೆ ಬರುತ್ತಿದ್ದರು. ಐದು ವರ್ಷ ಕಾದು ಪಡೆದ ಪಾತ್ರ. ನಾಟಕದ ದಿನ ಗಂಟಲು ಕೈಕೊಟ್ಟರೆ ಮತ್ತೆ ಭರ್ಜಿಯೇ ಗತಿ! ಆದ್ದರಿಂದ ಸದರಿ ದೇಹದ ರೋಗನಿರೋಧಕ ಶಕ್ತಿಯನ್ನು ಪೌಷ್ಟಿಕ ಆಹಾರದಿಂದ ಬಲಪಡಿಸತಕ್ಕದ್ದೆಂದು ನಾನೊಬ್ಬನೇ ಸರ್ವಾನುಮತದಿಂದ ನಿರ್ಧರಿಸಿದೆ.

ಕಾಲಿಂಗ್ ಕಾರ್ಡು ಹಾಕಿ ಧಾರವಾಡದ ಅಮ್ಮನಿಗೆ ಫೋನ್ ಮಾಡಿದೆ. ಉಂಡೆ ಕಟ್ಟಲು ತಿನ್ನುವ ಅಂಟು, ಕೊಬ್ಬರಿ, ಉತ್ತತ್ತಿ, ಬಾದಾಮಿ, ಬೆಲ್ಲ, ತುಪ್ಪ ಎಂದು ಎಲ್ಲ ಬರೆಸಿದರು. "ಥಂಡ್ಯಾಗ ಅಂಟಿನುಂಡಿ ಭಾಳ ಚಲೋ ಐತಪಾ. ಆದ್ರ ಹುಷಾರು, ದಿನಕ್ಕ..." ಅಷ್ಟರಲ್ಲಿ ಕಾರ್ಡಿನ ದುಡ್ಡು ಮುಗಿದು ಫೋನ್ ಕಟ್ಟಾಯಿತು.

ಉಳಿದರ್ಧ ವಾಕ್ಯವನ್ನು ನಾನೇ ಪೂರ್ತಿ ಮಾಡಿಕೊಂಡೆ. ದಿನಕ್ಕೆ ಆರು!

"ರೀ, ಅದು ಬಾಣಂತಿಯರಿಗೆ ಕೊಡೋದು ಕಣ್ರೀ!" ಎಂದಳು ಹೆಂಡತಿ ವೀಣಾ.

"ಬಾಣಂತಿಯರಿಗೆ ನೆಗಡಿ ಬರೋದನ್ನ ನೋಡಿದೀಯಾ?" ಎಂದೆ. ಅವಳು ನೋಡಿದ್ದಳಂತೆ. ನಾನು ಕೇಳಿಸಿಕೊಳ್ಳಲಿಲ್ಲ.

ಬೆಳಿಗ್ಗೆ ಮೂರು ಉಂಡೆಯ ಜೊತೆ ರಾಗಿ ಅಂಬಲಿ, ರಾತ್ರಿ ಮೂರು ಉಂಡೆಯ ಜೊತೆ ಬಾದಾಮಿ ಹಾಲು. ಆರು ವಾರ ಹೀಗೇ ಸುಖವಾಗಿ ಕಳೆಯಿತು. ಮಗಳು ಅಪೂರ್ವ ನನ್ನ ಹೊಟ್ಟೆ ತಟ್ಟಿ, "ಡ್ಯಾಡಿ, ಯು ಆರ್ ಗೆಟ್ಟಿಂಗ್ ರೌಂಡ್" ಎಂದಳು. "ಇದು ಬೊಜ್ಜಲ್ಲ ಪುಟ್ಟಾ, ಇಮ್ಯುನಿಟಿ!" ಎಂದೆ. ಗಾಳಿ ತಾಗಬಾರದೆಂದು ರಿಹರ್ಸಲ್ಲಿನಲ್ಲೂ ದಪ್ಪ ಜಾಕೆಟ್ಟು ಬಿಚ್ಚುತ್ತಿರಲಿಲ್ಲವಾದ್ದರಿಂದ ಶಿವಣ್ಣನವರಿಗೆ ಈ ಇಮ್ಯುನಿಟಿ ಕಾಣಿಸಲಿಲ್ಲ.

ಕಾಣಿಸಿದ್ದು ಸಂಕ್ರಾಂತಿ ಕಾರ್ಯಕ್ರಮದ ದಿನ. ಮೇಷ್ಟ್ರ ಹರಕು ಅಂಗಿ ನನ್ನ ಹಳೆಯ ಅಳತೆಗೆ ಹೊಲಿದದ್ದು. ಗುಂಡಿಗೂ ಕಾಜಕ್ಕೂ ಗೇಣು ದೂರ! ವೀಣಾ ಇದ್ದಬದ್ದ ಸೇಫ್ಟಿ ಪಿನ್ನೆಲ್ಲ ಚುಚ್ಚಿ ನನ್ನನ್ನು ಅಂಗಿಯೊಳಗೆ ತುರುಕಿದಳು.

"ಇದೇನಯ್ಯಾ ಇದು! ಮೇಷ್ಟ್ರೆಲ್ಲಿ?" ಎಂದರು ಶಿವಣ್ಣ.

"ನಾನೇ ಸಾರ್."

ಅವರು ತಲೆ ಮೇಲೆ ಕೈ ಹೊತ್ತರು. ಪರದೆ ಎದ್ದಿತು.

"ತಾಯೀ, ಮೂರು ದಿನದಿಂದ ಒಂದಗುಳು ಅನ್ನ ಕಂಡಿಲ್ಲ!" ಎಂದು ಉಸಿರೆಳೆದೆ. ಮೂರು ಪಿನ್ನು ಪಟಪಟನೆ ಹಾರಿದವು. ಇಡೀ ಸಭಾಂಗಣ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನನ್ನ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ಆದರೂ ಗಂಟಲು ಮಾತ್ರ ಗಂಟೆಯ ಹಾಗಿತ್ತು!

ಕೊನೆಯ ದೃಶ್ಯ. ಮೇಷ್ಟ್ರು ಸತ್ತರು. ನಾಲ್ವರು ಹುಡುಗರು ಬಂದು ಹೆಣ ಎತ್ತಬೇಕು. ನಾಲ್ವರಿಗೂ ನೆಗಡಿ, ಮೈಯಲ್ಲಿ ತ್ರಾಣವಿಲ್ಲ. ಹೆಣ ಜಗ್ಗಲಿಲ್ಲ.

"ಎತ್ರಲಾ!" ಎಂದು ಪರದೆಯ ಹಿಂದಿನಿಂದ ಶಿವಣ್ಣ ಹಲ್ಲು ಕಡಿದರು. ತಿಣುಕಿ ತಿಣುಕಿ ಸೊಂಟದ ಮಟ್ಟಕ್ಕೆ ಎತ್ತಿದರು. ಆಗ ಒಬ್ಬ ಸೀನಿದ. ನಾಲ್ವರೂ ಕೈಬಿಟ್ಟರು.

"ಅಯ್ಯಯ್ಯಪ್ಪೋ, ನನ್ನ ಸೊಂಟಾ!" ಎಂದಿತು ಹೆಣ. ಆಮೇಲೆ ಬೇರೆ ದಾರಿ ಕಾಣದೆ ತಾನೇ ಎದ್ದು, ಹುಡುಗರ ಹೆಗಲು ಹಿಡಿದುಕೊಂಡು, ನಡೆದೇ ಸ್ಮಶಾನಕ್ಕೆ ಹೋಯಿತು!

ನಾಟಕ ಮುಗಿದ ಮೇಲೆ ಕೊನೆಯ ಸಾಲಿನಿಂದ ಒಬ್ಬ ಅಜ್ಜ ಬಂದು ಕೈ ಹಿಡಿದುಕೊಂಡರು. "ನಂಗೆ ಕಿವಿ ಸ್ವಲ್ಪ ಮಂದ. ಇಡೀ ನಾಟಕದಲ್ಲಿ ಸ್ಪಷ್ಟವಾಗಿ ಕೇಳಿಸಿದ್ದು ನಿಮ್ಮ ಸೊಂಟದ ವಿಷಯ ಒಂದೇ. ಏನು ಕಂಠ ರೀ!"

ಆರು ವಾರದ ಪೌಷ್ಟಿಕ ಆಹಾರ ಸಾರ್ಥಕವಾಯಿತು ಎಂದು ನಾನು ಹಿಗ್ಗುವಷ್ಟರಲ್ಲಿ ಶಿವಣ್ಣ ಬಂದು ಹಳೆಯ ಭರ್ಜಿಯನ್ನು ಕೈಗಿಟ್ಟರು.

"ಮುಂದಿನ ವರ್ಷಕ್ಕೆ ಮಡಿಕ್ಕೊ. ಇಷ್ಟು ದಿನ ದ್ವಾರಪಾಲಕನ ಮೈಕಟ್ಟು ನಿಂಗಿರ್ನಿಲ್ಲ. ಈಗ ಬಂದೈತೆ!"