ಮಾವ ಪಿಕಪ್ ತಗ್ಗಿಸಿದ್ದು

ಮೀನು ಸಾಗಿಸುವ ಪಿಕಪ್ಪನ್ನು ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗಿಸಿದ ಮನುಷ್ಯ ಇಡೀ ಕುಂದಾಪುರ ಸೀಮೆಯಲ್ಲಿ ಒಬ್ಬರೇ ಇದ್ದಾರೆ, ಅವರು ನನ್ನ ಸೋದರಮಾವ! ಇದಕ್ಕೆ ನಾನು ಹೆಮ್ಮೆ ಪಡಬೇಕೋ, ತಲೆ ತಪ್ಪಿಸಿಕೊಂಡು ತಿರುಗಬೇಕೋ ಇನ್ನೂ ತೀರ್ಮಾನವಾಗಿಲ್ಲ. ಶೋಕಿಯ ಹುಡುಗರು ಕಾರು ತಗ್ಗಿಸುವುದುಂಟು, ಬೇಡ ಎನ್ನುವುದಿಲ್ಲ. ಆದರೆ ಅರವತ್ತು ದಾಟಿದ, ಲುಂಗಿ ಮಡಚಿ ಕಟ್ಟುವ, ಕನ್ನಡಿ ನೋಡದೆಯೇ ತಲೆ ಬಾಚುವ ಮನುಷ್ಯನಿಗೆ ಯಾಕೆ ಬೇಕಿತ್ತು ಈ ಉಸಾಬರಿ? ಮಗಳ ಮದುವೆಗೆ! ಆ ಮಗಳು ತೀರಿಕೊಂಡು ಹತ್ತೊಂಬತ್ತು ವರ್ಷವಾಗಿತ್ತು.

ಗಾಬರಿಯಾಗಬೇಡಿ. ನಮ್ಮ ಕಡೆ ಮದುವೆಯಾಗದೆ ಸತ್ತವರಿಗೂ ಮದುವೆ ಮಾಡುವ ಕ್ರಮವಿದೆ, ಪ್ರೇತ ಮದುವೆ ಎನ್ನುತ್ತಾರೆ. ಸತ್ತ ಮಕ್ಕಳೂ ನಮ್ಮ ಹಾಗೆ ವರ್ಷ ವರ್ಷ ಬೆಳೆಯುತ್ತಾರಂತೆ, ಪ್ರಾಯಕ್ಕೆ ಬಂದ ಮೇಲೆ ಅವರಿಗೂ ಒಂದು ಮನೆ ಬೇಕಂತೆ. ಹಾಗೆಯೇ ಮದುವೆಯಾಗದೆ ಸತ್ತ ಒಂದು ಗಂಡನ್ನು ಹುಡುಕಿ, ಜಾತಕ ಕೂಡಿಸಿ, ಸೀರೆ ಬಳೆ ಇಟ್ಟ ಹರಿವಾಣವನ್ನು ಮದುಮಗಳೆಂದು ಗಂಡಿನ ಮನೆಗೆ ಒಯ್ಯುತ್ತೇವೆ. ಹೋದ ಮೇಲೆ ಅವಳು ಆ ಮನೆಯವಳು, ತವರಿನ ಬಾಗಿಲಿಗೆ ಬಂದು ನಿಲ್ಲುವುದಿಲ್ಲ. ಮಾವನ ಹೆಂಡತಿ, ನಮ್ಮತ್ತೆಗೆ ಬೇಕಾದ್ದು ಅದು. ಮಗಳು ಕನಸಿನಲ್ಲಿ ಬಂದು "ಅಬ್ಬೀ, ನಂಗೆ ಎಲ್ಲೂ ಜಾಗ ಇಲ್ಲೆ" ಎಂದು ಅಳುತ್ತಾಳಂತೆ. ಮಾವನಿಗೆ ಬೇಡವಾದ್ದೂ ಅದೇ. ಐದು ವರ್ಷಕ್ಕೆ ಜ್ವರದಲ್ಲಿ ಹೋದ ಒಬ್ಬಳೇ ಮಗಳು. ಈಗ ಬಾಗಿಲಿಗಾದರೂ ಬರುತ್ತಾಳೆ, ಕಳಿಸಿಕೊಟ್ಟರೆ ಅದೂ ಇಲ್ಲ.

ಹಾಗಾಗಿ ಬಂದ ಸಂಬಂಧಕ್ಕೆಲ್ಲ ಮಾವ ಕಲ್ಲು ಹಾಕಿದರು. ಮೊದಲನೆಯ ಗಂಡು ಮುಂಬೈ ಹೋಟೆಲಿನಲ್ಲಿದ್ದು ಇಪ್ಪತ್ತೆಂಟಕ್ಕೆ ತೀರಿಕೊಂಡವನು. ಮಾವ ಜಗಲಿಯಲ್ಲೇ ಎದ್ದು ನಿಂತರು.

"ಐದ್ ವರ್ಷದ ಹೆಣ್ಣಿಗೆ ಇಪ್ಪತ್ತೆಂಟರ ಗಂಡಾ? ಪೊಲೀಸ್ ಕಂಪ್ಲೇಂಟ್ ಕೊಡ್ತೆ ಕಾಣಿ!"

"ಹ್ವಾಯ್, ಅವ್ಳಿಗೀಗ ಇಪ್ಪತ್ನಾಲ್ಕಲ್ದಾ?" ಎಂದರು ಸಂಬಂಧ ತಂದವರು.

"ಯಾರ್ ಹೇಳದ್? ಮೊನ್ನೆ ಬಂದಾಗ್ಳೂ ನನ್ನ ಸೊಂಟಕ್ಕಿಂತ ಒಂಚೂರ್ ಕೆಳ್ಗೆ ಇದ್ಲ್. ಅಕಾ, ಅಲ್ಲೇ ನಿಂತಿದ್ಲ್, ನೀವ್ ಕೂತಲ್ಲೇ."

ಸಂಬಂಧ ತಂದವರು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಹೋದರು. ಚಪ್ಪಲಿಯನ್ನೂ ಬಿಟ್ಟು ಹೋದರು!

ಎರಡನೆಯದು ಬೈಂದೂರು ಕಡೆಯದು, ಹುಡುಗ ನೀರಿಗೆ ಬಿದ್ದು ಹೋದವನು. "ಕಡಲ ಬದಿ ಮನೆ ಮಾಣಿಗೆ ಈಜುಕೆ ಬತ್ತಿಲ್ಲೆ ಅಂದ್ರೆ, ಅವ ನಾಳೆ ಹೆಂಡ್ತಿನ ಹ್ಯಾಂಗ್ ಸಾಕ್ತ?" ಎಂದು ಮಾವ ಅದನ್ನೂ ಮುರಿದರು. ಮೂರನೆಯದು ಬ್ರಹ್ಮಾವರದ್ದು. ಆ ಹುಡುಗ ಏಳು ವರ್ಷಕ್ಕೆ ಹೋದವನು, ಮನೆತನ ಒಳ್ಳೆಯದು, ಜಾತಕ ಕೂಡಿ ಬಂತು. ಮಾವನಿಗೆ ಕುಂಟು ನೆಪವೂ ಸಿಗಲಿಲ್ಲ. ನಾಲ್ಕನೆಯ ದಿನ ಒಪ್ಪಿಕೊಂಡರು, ಆದರೆ ಒಂದು ಷರತ್ತಿನ ಮೇಲೆ.

"ಅಕ್ಕ್. ಆದ್ರೆ ನನ್ನ ಗಾಡಿಲೇ ಹೋಯ್ಕ್. ಅವ್ಳೇ ಹತ್ಕ್. ಗಾಡಿ ತಗ್ಸ್ಕ್."

"ಗಾಡಿ ಯಾಕೆ ತಗ್ಸೂದ್ ಮಾವ? ಎತ್ತಿ ಕೂರ್ಸಿರೆ ಆಯ್ತಲ್ದಾ?" ಎಂದೆ ನಾನು.

"ಮೊದಲ್ ಎತ್ತೇ ಕೂರ್ಸ್ತಿದ್ದೆ. ಈಗ ಎತ್ತುಕೆ ಕೈಗ್ ಸಿಕ್ಕೂದೆಂತ ಮಾರಾಯಾ?" ಎಂದು ಎರಡೂ ಅಂಗೈ ತೋರಿಸಿದರು. ಹಾಳು ನಾಲಿಗೆ, ನಾನು ಕೇಳಬಾರದಿತ್ತು.

ಮಳೆಗಾಲ, ದೋಣಿಗಳೆಲ್ಲ ದಡ ಹತ್ತಿದ್ದವು, ಪಿಕಪ್ಪಿಗೆ ಕೆಲಸವಿರಲಿಲ್ಲ. ಪುಣೆಯಿಂದ ಪಾರ್ಸೆಲ್ ಬಂತು: ಮುಂದಕ್ಕೆ ಗಿಡ್ಡ ಸ್ಪ್ರಿಂಗು, ಹಿಂದಕ್ಕೆ ಬಾಗಿರದ ಚಪ್ಪಟೆ ಪಟ್ಟಿ, ನಾಲ್ಕು ಗಿಡ್ಡ ಶಾಕ್ ಅಬ್ಸಾರ್ಬರುಗಳು. ಕೋಟೇಶ್ವರದ ಗ್ಯಾರೇಜಿನ ಮುದುಕ ಮೆಕ್ಯಾನಿಕ್ ಅವನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಎಷ್ಟ್ ತಗ್ಸೂದ್?"

ಮಾವ ತೊಡೆಯ ಹತ್ತಿರ ಕೈ ಹಿಡಿದರು. "ಇಷ್ಟ್ ಎತ್ತರ ಇದ್ದವ್ರಿಗೆ ಹತ್ತುಕೆ ಆಯ್ಕ್."

"ಯಾರಿಗೆ, ಮೊಮ್ಮಕ್ಳಿಗಾ?"

"ಮಗಳಿಗೆ."

ಮೆಕ್ಯಾನಿಕ್ ಆ ಮಗುವಿನ ಹೆಣಕ್ಕೆ ಹೆಗಲು ಕೊಟ್ಟವರು. ಕೈಯಲ್ಲಿದ್ದ ಸ್ಪ್ಯಾನರು ಕಾಲ ಮೇಲೆ ಬಿತ್ತು, ನೋವಾಯಿತೆಂದು ಕೂಗುವುದನ್ನೂ ಮರೆತರು. ಕೆಲಸವನ್ನೇನೋ ಮಾಡಿದರು ಅನ್ನಿ. ಬೋಲ್ಟ್ ಬಿಗಿದು, ಜಾಕಿ ಇಳಿಸಿ ನಾವು ಮೂವರೂ ದೂರ ನಿಂತು ನೋಡುತ್ತಿದ್ದೆವು. ಮಾವ ಹೋಗಿ ಎಡಗಡೆಯ ಬಾಗಿಲು ತೆರೆದು, ಸ್ವಲ್ಪ ಹೊತ್ತು ಕಾದು, ಮುಚ್ಚಿದರು. ಗಾಡಿ ಎಡಕ್ಕೆ ಒಂದು ಬೆರಳಷ್ಟು ಕುಸಿಯಿತು.

"ಯಾರ್ ಹತ್ತಿದ್?" ಮೆಕ್ಯಾನಿಕ್ ನನ್ನ ಬೆನ್ನ ಹಿಂದೆ ಬಂದು ನಿಂತು ಕೇಳಿದರು.

"ಟ್ರಯಲ್ ಕಾಂಬುಕೆ ಬಂದಿದ್ಲ್," ಎಂದರು ಮಾವ, ಖುಷಿಯಲ್ಲಿ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನು. ಹೊಸ ಸ್ಪ್ರಿಂಗು ಕೂರುವಾಗ ಹಾಗೆ ಕುಸಿಯುವುದುಂಟು ಎಂದು ಇಬ್ಬರಿಗೂ ವಿವರಿಸಿದೆ. ವಿವರಿಸುವಾಗ ನನ್ನ ಹಲ್ಲು ಯಾಕೆ ಕಟಕಟ ಎನ್ನುತ್ತಿತ್ತು? ಮಳೆಯ ಚಳಿಗೆ!

ಮದುವೆಯ ದಿನ ಬೆಳಿಗ್ಗೆ ಅತ್ತೆ ದೊಡ್ಡ ಹೆಂಗಸರ ಕೆಂಪು ಸೀರೆ ತಂದು ಹರಿವಾಣದಲ್ಲಿಟ್ಟರೆ, ಮಾವ ಅದರಡಿಗೆ ಗೇಣುದ್ದದ ಲಂಗ ತುರುಕಿದರು. ಅಂಗಳದಲ್ಲಿ ಪಿಕಪ್ಪಿನ ಬಾಗಿಲು ತೆರೆದು, ಸುರಿಯುವ ಮಳೆಯಲ್ಲಿ ನಮ್ಮನ್ನೆಲ್ಲ ಸುಮ್ಮನೆ ನಿಲ್ಲಿಸಿ, ಕಡೆಗೆ "ಹತ್ತಿದ್ಲ್, ಈಗ ಹರಿವಾಣ ಇಡಿ" ಎಂದರು. ಅತ್ತೆ ಮತ್ತು ಉಳಿದವರು ಹಿಂದೆ ಕಾರಿನಲ್ಲಿ ಬಂದರು. ಮಾವನಿಗೂ ಹರಿವಾಣಕ್ಕೂ ಮಧ್ಯೆ ಕೂರುವ ಭಾಗ್ಯ ವಿಜ್ಞಾನದ ಮೇಷ್ಟರಿಗೆ ಬಂತು. ದಾರಿಯುದ್ದಕ್ಕೂ ನನ್ನ ಎಡತೋಳು ಮಾತ್ರ ಒದ್ದೆಯಾದ ಹಾಗೆ ತಣ್ಣಗಿತ್ತು. ಕಿಟಕಿ ಮುಚ್ಚಿತ್ತು ಸ್ವಾಮಿ, ನಾನೇ ನಾಲ್ಕು ಸಲ ನೋಡಿದೆ!

ಸಾಸ್ತಾನದ ಟೋಲಿನಲ್ಲಿ ಗಾಡಿ ನಿಂತಾಗ ಟೋಲಿನ ಗೂಡಿನಲ್ಲಿದ್ದವನು ಬಗ್ಗಿ ನೋಡಿ, "ಮಗುವನ್ನ ಹಾಗೆ ಮುಂದೆ ನಿಲ್ಲಿಸ್ಬೇಡಿ, ಬ್ರೇಕ್ ಹಾಕಿದ್ರೆ ಗ್ಲಾಸಿಗೆ ಬಡೀತದೆ" ಎಂದ. ಕೆಂಪು ಸೀರೆ ಕಂಡು ಹಾಗೆ ಅಂದಿರಬೇಕು. ಬೇರೆ ಏನಿರುತ್ತದೆ? ಮಾವ ಮಾತ್ರ "ಕೂಕಣ್ ಮಗಾ, ಅವ್ರ್ ಬೈತ್ರ್" ಎಂದು ಗೇರು ಹಾಕಿದರು. ನಾನು ಎಡಕ್ಕೆ ನೋಡಲಿಲ್ಲ. ಬ್ರಹ್ಮಾವರ ಬರುವವರೆಗೂ ನೋಡಲಿಲ್ಲ.

ಗಂಡಿನ ಮನೆಯ ಓಣಿಯಲ್ಲಿ ಒಂದು ಹಂಪು. ತಗ್ಗಿಸಿದ ಗಾಡಿ ಅದರ ಮೇಲೆ ಹೊಟ್ಟೆ ಊರಿ ಮಲಗಿಬಿಟ್ಟಿತು! ನಾನು ಇಳಿದೆ, ಗಾಡಿ ಹಿಂದಕ್ಕೂ ಹೋಗಲಿಲ್ಲ, ಮುಂದಕ್ಕೂ ಹೋಗಲಿಲ್ಲ. ಹರಿವಾಣ ಇಳಿಸಿದೆ, ಕದಲಲಿಲ್ಲ. ಮುಹೂರ್ತ ಹತ್ತಿರವಾಗುತ್ತಿತ್ತು. ಕಾರಿನಿಂದಿಳಿದ ಅತ್ತೆ ಕೊಡೆ ಹಿಡಿದು ಓಡಿ ಬಂದು, "ಇವ್ರ್ ಬೇಕಂತ್ಲೇ ಮಾಡದ್, ಕಳ್ಸುಕೆ ಮನ್ಸಿಲ್ಲೆ ಇವ್ರಿಗೆ" ಎಂದು ಅತ್ತೇಬಿಟ್ಟರು. ಮಾವ ಸುತ್ತಿ ಬಂದು ಎಡಗಡೆಯ ಬಾಗಿಲು ತೆರೆದರು.

"ಇಳಿ ಮಗಾ. ನಾಕ್ ಹೆಜ್ಜಿ ನಡಿ."

ಗಾಡಿ ಒಂದು ಬೆರಳು ಮೇಲೆದ್ದಿತು. ಹಂಪು ದಾಟಿತು. ಇದಕ್ಕೆ ನನ್ನ ಹತ್ತಿರ ವಿವರಣೆ ಇಲ್ಲ, ಕೇಳಬೇಡಿ.

ಗಂಡಿನ ಮನೆಯ ಚಾವಡಿಯಲ್ಲಿ ಎರಡು ಮಣೆ. ಒಂದರ ಮೇಲೆ ಪಂಚೆ, ಸಣ್ಣದೊಂದು ಅಂಗಿ. ಇನ್ನೊಂದರ ಮೇಲೆ ನಮ್ಮ ಹರಿವಾಣ. ಭಟ್ಟರು ಮಂತ್ರ ಹೇಳಿ, ಧಾರೆ ಎರೆಯಿರಿ ಎಂದು ಮಾವನ ಕೈಗೆ ಚೊಂಬು ಕೊಟ್ಟರು. ಮಾವ ಹಿಡಿದುಕೊಂಡು ನಿಂತರು. ಭಟ್ಟರು ಎರಡನೆಯ ಸಲ ಹೇಳಿದರು. ಮೂರನೆಯ ಸಲ ಹೇಳಿದರು. ಚೊಂಬು ಬಾಗಲೇ ಇಲ್ಲ. ಅತ್ತೆ ಸೆರಗು ಬಾಯಿಗೆ ಒತ್ತಿ ಹಿಡಿದಿದ್ದರು. ನೀರು ಬೀಳದಿದ್ದರೆ ಮದುವೆಯಿಲ್ಲ. ಮಗಳನ್ನು ಮತ್ತೆ ಪಿಕಪ್ಪಿನಲ್ಲಿ ವಾಪಸು ಕರಕೊಂಡು ಹೋಗುವುದೇ.

ಆಗ ಒಳಗಿನಿಂದ ಹುಡುಗನ ತಾಯಿ ಬಂದರು. ಮದುವೆ ನಿಂತದ್ದು ಆ ಹೆಂಗಸಿಗೆ ಗೊತ್ತೇ ಇಲ್ಲ, ಅಡುಗೆಯ ಗಡಿಬಿಡಿಯಲ್ಲಿದ್ದರು, ಕೈಯಲ್ಲಿ ಸೌಟು.

"ಹ್ವಾಯ್, ಒಂದ್ ಕೇಂತೆ. ಇಬ್ರಿಗೂ ಎಲೆಗೆ ಬಡ್ಸುಕೆ ಹೊಳೆ ಮೀನ್ ಸಾರ್ ಮಾಡಿದ್ದೆ. ಅವ್ಳಿಗೆ ಖಾರ ಆತಾ?"

ಮಾವ ಅವರನ್ನೇ ನೋಡಿದರು. ಹತ್ತೊಂಬತ್ತು ವರ್ಷದಲ್ಲಿ ಅವರ ಮಗಳ ಬಗ್ಗೆ ಹೀಗೆ ಕೇಳಿದವರು ಯಾರೂ ಇರಲಿಲ್ಲ. ನಾನೂ ಕೇಳಿರಲಿಲ್ಲ.

"ಆತಿಲ್ಲೆ," ಎಂದರು. "ಒಂಚೂರೂ ಆತಿಲ್ಲೆ. ಮತ್ತೆ... ಮುಳ್ಳ್ ನೀವೇ ತೆಗ್ದ್ ಕೊಡ್ಕ್. ಅವ್ಳಿಗೆ ತೆಗುಕೆ ಬತ್ತಿಲ್ಲೆ."

"ನಮ್ಮ ಮಾಣಿಗೂ ಬತ್ತಿಲ್ಲೆ ಮಾರಾಯ್ರೆ," ಎಂದರು ಆ ತಾಯಿ. "ಇಬ್ರಿಗೂ ನಾನೇ ತೆಗ್ದ್ ಕೊಡ್ತೆ."

ಮಾವ ಚೊಂಬು ಬಗ್ಗಿಸಿದರು.